ಒಂದೇ ವರ್ಷ, ಎರಡು ಲೇಪ

ಲಾರಿಯ ಅಲ್ಯೂಮಿನಿಯಂ ಚಕ್ರವನ್ನು ಗಮನಿಸಿದ್ದೀರಾ? ಹೊಸದರಲ್ಲಿ ಕನ್ನಡಿಯಂತಿದ್ದುದು ಕ್ರಮೇಣ ಮಂಕಾಗುತ್ತದೆ. ಅದನ್ನು ಉಜ್ಜಿ, ತಾವೇ ಲೇಪ ಹಚ್ಚಿ ಹೊಸದಾಗಿಸುವವರಿದ್ದಾರೆ. ಆ ಲೇಪ ಬಾಳುವುದು ಹೇಗೆ? ಉತ್ತರಕ್ಕಾಗಿ 1937ಕ್ಕೆ ಹೋಗೋಣ.

ಆ ವರ್ಷ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. 1962ರಿಂದ ಚುನಾವಣೆಯ ಅಳಿಸಲಾಗದ ಶಾಯಿ ತಯಾರಿಸುತ್ತಿರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಇದೇ. ಅರಗು ಕೀಟದ ಕೊಡುಗೆ. ಮದ್ಯಸಾರದಲ್ಲಿ ಕರಗಿಸಿ ಬಳಿದರೆ, ದ್ರಾವಕ ಆರಿ ಹೊಳೆಯುವ ಪದರ ಉಳಿಯುತ್ತದೆ. ಆದರೆ ಅದು ಬಿಸಿಗೆ ಮೆದುವಾಗುತ್ತದೆ, ಮದ್ಯಸಾರದಲ್ಲಿ ಮತ್ತೆ ಕರಗುತ್ತದೆ. ಬ್ರೇಕಿನಿಂದ ಕಾಯುವ ಚಕ್ರಕ್ಕೆ ಇದು ಒಗ್ಗದು.

ಅದೇ 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ಪಾಲಿಯುರೆಥೇನ್ ಕಂಡುಹಿಡಿದರು. ಚಕ್ರಕ್ಕೆ ಬಳಿಯುವ ಎರಡು ಡಬ್ಬಿಗಳ ಲೇಪಗಳಲ್ಲಿ ಹಲವು ಇದೇ ವಂಶದವು. ಬೆರೆಸಿದಾಗ ಅಣುಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ, ಮತ್ತೆ ಕರಗವು.

ಆದರೂ ಲೇಪ ಸುಲಿಯುವುದೇಕೆ? ಗಾಳಿಯಲ್ಲಿ ಅಲ್ಯೂಮಿನಿಯಂ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಮೂಡುತ್ತದೆ. ಅದು ರಕ್ಷಕ. ಆದರೆ ಅದರ ಮೇಲೆ ಜಿಡ್ಡು, ಉಪ್ಪು, ಸಡಿಲ ಪುಡಿ ಉಳಿದಿದ್ದರೆ ಲೇಪ ಹಿಡಿದುಕೊಳ್ಳುವುದು ಚಕ್ರವನ್ನಲ್ಲ, ಕೊಳೆಯನ್ನು. ಹಾಗೆಂದು ಕಾಸ್ಟಿಕ್ ಸೋಡದಿಂದ ತೊಳೆಯಬೇಡಿ. ಲೋಹವೇ ಕರಗಿ ಹೈಡ್ರೊಜನ್ ಹೊಮ್ಮುತ್ತದೆ. ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ; ಬಟ್ಟೆಯ ಮುಖಗವಸು ಅದನ್ನು ತಡೆಯದು.

ಎಲ್ಲಕ್ಕೂ ಮೊದಲು ಚಕ್ರದಲ್ಲಿ ಬಿರುಕಿದೆಯೇ ನೋಡಿ. ಲೇಪ ಬಿರುಕನ್ನು ಮುಚ್ಚಬಲ್ಲದು, ಬೆಸೆಯಲಾರದು.