ಐದನೆಯ ವರ್ಷ: ಶಾಲಾಪ್ರವೇಶದ ವಯೋಮಿತಿಯ ಚಾರಿತ್ರಿಕ ಹಿನ್ನೆಲೆ

ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರವು 2022ರಲ್ಲಿ ಆದೇಶಿಸಿತು. ಅನಂತರ ಅದರ ಜಾರಿಯನ್ನು 2025-26ನೆಯ ಸಾಲಿಗೆ ಮುಂದೂಡಿತು. ಆ ಸಾಲು ಬಂದಾಗ ಪೋಷಕರ ಒತ್ತಾಯದಿಂದಾಗಿ ಮಿತಿಯನ್ನು ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಬೇಗನೆ ಸೇರಿಸಬೇಕೆನ್ನುವವರು ಅಕ್ಷರಾಭ್ಯಾಸದ ಸಂಪ್ರದಾಯವನ್ನು ಆಧಾರವಾಗಿ ಮುಂದಿಡುವುದುಂಟು. ಆ ಆಧಾರ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ಪರಿಶೀಲನಾರ್ಹ.

ಮಾರ್ಕಂಡೇಯ ಪುರಾಣದ್ದೆಂದು ಅಪರಾರ್ಕನೂ ಸ್ಮೃತಿಚಂದ್ರಿಕೆಯೂ ಉದ್ಧರಿಸುವ ವಚನಗಳು ವಿದ್ಯಾರಂಭಕ್ಕೆ ಐದನೆಯ ವರ್ಷವನ್ನು ವಿಧಿಸುತ್ತವೆ. ಐದನೆಯ ವರ್ಷವೆಂದರೆ ಐದು ತುಂಬಿದ ವಯಸ್ಸಲ್ಲ, ನಾಲ್ಕು ತುಂಬಿ ನಡೆಯುತ್ತಿರುವ ವರ್ಷ. ಕಾಲವೂ ಒಂದೇ ದಿನಕ್ಕೆ ಸೀಮಿತವಲ್ಲ: ಕಾರ್ತಿಕ ಶುದ್ಧ ದ್ವಾದಶಿಯಿಂದ ಆಷಾಢ ಶುದ್ಧ ಏಕಾದಶಿಯವರೆಗೆ, ಎಂದರೆ ಸುಮಾರು ಎಂಟು ತಿಂಗಳ ಅವಧಿಯಲ್ಲಿ, ನಿಷಿದ್ಧ ದಿನಗಳನ್ನು ಬಿಟ್ಟು ಯಾವಾಗ ಬೇಕಾದರೂ ಆಗಬಹುದಿತ್ತು.

ಆಚರಣೆಯ ವಿವರಗಳಿಗೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಮದರಾಸಿಗೆ ಕಳುಹಿಸಿದ ವರದಿ ಅಮೂಲ್ಯವಾದ ಆಕರ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಒಟ್ಟು 6,641 ವಿದ್ಯಾರ್ಥಿಗಳು. ಅವರಲ್ಲಿ ಹುಡುಗಿಯರು ಕೇವಲ 60. ಹುಡುಗನಿಗೆ ಐದು ವರ್ಷವಾದಾಗ ಗುರುವನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆಯುತ್ತಿದ್ದರು. ಗಣೇಶನ ವಿಗ್ರಹದ ಸುತ್ತ ಎಲ್ಲರೂ ಕುಳಿತಿರಲು, ಗುರುವು ಮಗುವಿನ ಕೈಹಿಡಿದು ಅಕ್ಕಿಯಲ್ಲಿ ಬೆರಳಿನಿಂದ ಬರೆಯಿಸುತ್ತಿದ್ದನು. ಮರುದಿನದಿಂದಲೇ ಪಾಠ. ಬೆಳಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಏರುತ್ತ ಹೋಗುವ ಪೆಟ್ಟುಗಳು! ಮಕ್ಕಳನ್ನು ವಿಂಗಡಿಸುತ್ತಿದ್ದುದು ವಯಸ್ಸಿನಿಂದಲ್ಲ, ಕಲಿಕೆಯ ಮಟ್ಟದಿಂದ. ಕಿರಿಯರಿಗೆ ಹಿರಿಯ ವಿದ್ಯಾರ್ಥಿಗಳು ಕಲಿಸುತ್ತಿದ್ದರು. ಈ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡಿದ್ದಾನೆ.

ಆದರೆ ಬಡತನದಿಂದಾಗಿ ಹಲವರು ಐದೇ ವರ್ಷಕ್ಕೆ ಶಾಲೆ ಬಿಡುತ್ತಿದ್ದರೆಂದೂ ಅವನೇ ದಾಖಲಿಸಿದ್ದಾನೆ. ಗವರ್ನರ್ ಥಾಮಸ್ ಮನ್ರೋ 1826ರಲ್ಲಿ ಐದರಿಂದ ಹತ್ತು ವರ್ಷದ ಅವಧಿಯನ್ನೇ ಹುಡುಗರು ಸಾಮಾನ್ಯವಾಗಿ ಶಾಲೆಯಲ್ಲಿರುವ ಕಾಲವೆಂದು ಗಣಿಸಿದನು. ಬೇಗ ಬಿಡಬೇಕಾದವನು ಬೇಗ ಸೇರುವುದು ಸಹಜ. ಸಂಪ್ರದಾಯವಾದಿಗಳು ಸಾಮಾನ್ಯವಾಗಿ ಮರೆಯುವ ಅಂಶವಿದು. ಹದಿನೈದು ವರ್ಷ ಓದಬೇಕಾದ ಇಂದಿನ ಮಗುವಿಗೆ ಆ ಆತುರ ಅನ್ವಯಿಸದು.

ಸ್ವಾತಂತ್ರ್ಯಾನಂತರ ಆರರ ಕೆಳಗಿನ ಮಕ್ಕಳ ಹೊಣೆ ಶಾಲೆಯಿಂದ ಬೇರೆಯಾಗಿಯೇ ಬೆಳೆಯಿತು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮಲ್ಲಿ ಮೊದಲು ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅಂಗನವಾಡಿಯಲ್ಲಿ ಪೌಷ್ಟಿಕ ಆಹಾರದೊಡನೆ ಆಟಪಾಠವೂ ಸೇರಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆ ಕಡ್ಡಾಯ ಶಿಕ್ಷಣವನ್ನು ಆರರಿಂದ ಹದಿನಾಲ್ಕಕ್ಕೆ ನಿಗದಿಪಡಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರನೆಯ ವಯಸ್ಸಿನಿಂದಲೇ ಬುನಾದಿ ಹಂತವನ್ನು ಎಣಿಸಿದರೂ ಒಂದನೆಯ ತರಗತಿಯನ್ನು ಆರರಲ್ಲಿಯೇ ಇರಿಸಿತು.

ಹೀಗೆ ನೋಡಿದರೆ ಇಂದಿನ ಪೋಷಕರನ್ನು ಕಾಡುತ್ತಿರುವುದು ವಯಸ್ಸಿಗಿಂತ ಹೆಚ್ಚಾಗಿ ದಿನಾಂಕ. ಅಕ್ಕಿಯ ಮೇಲೆ ಬರೆದ ಮಗು ಒಂದು ವಾರ ತಡವಾಗಿ ಬಂದರೆ ಕಳೆದುಕೊಳ್ಳುತ್ತಿದ್ದುದು ಒಂದು ವಾರವನ್ನು. ಜೂನ್ 2ರಂದು ಹುಟ್ಟಿದ ಮಗು ಇಂದು ಕಾಯಬೇಕಾದುದು ಇಡೀ ಒಂದು ವರ್ಷ.