ಹವಳದ ದಿಬ್ಬದ ಮೇಲೆ ‘ಪ್ರೆನ್ಯೂಸ್’: ಮೈಸೂರು ಚರಿತ್ರೆಯ ಒಂದು ಕಡಲಂಚು

ಶ್ರೀರಂಗಪಟ್ಟಣದ ಪತನವನ್ನು ಕುರಿತ ಕನ್ನಡದ ಲಾವಣಿಗಳ ದೃಷ್ಟಿ ಬಹುಮಟ್ಟಿಗೆ ಕೋಟೆಯ ಮೇಲೆಯೇ ನಿಂತಿದೆ. ಒಡೆದ ಗೋಡೆ, ದ್ರೋಹ, ಸುಲ್ತಾನನ ಸಾವು ಇವೇ ಅಲ್ಲಿನ ಮುಖ್ಯ ಸಂಗತಿಗಳು. ನಮ್ಮ ಚರಿತ್ರಕಾರರೂ ಇದೇ ಜಾಡನ್ನು ಹಿಡಿದವರು. ಆದರೆ ಆ ಪತನಕ್ಕೆ ನೆಪವಾದ ಒಂದು ಹಡಗಿನ ಕಥೆ ಕಡಲಿನಲ್ಲಿ ಆರಂಭವಾಗಿ ಕಡಲಿನಲ್ಲಿಯೇ ಮುಗಿದಿದೆ. ಅದು ಫ್ರೆಂಚ್ ನೌಕಾಪಡೆಯ ‘ಪ್ರೆನ್ಯೂಸ್’ ಎಂಬ ಯುದ್ಧನೌಕೆ.

1797ರ ಆರಂಭದಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನು ಹಾನಿಗೊಂಡ ಹಡಗಿನೊಡನೆ ಮಂಗಳೂರಿಗೆ ಬಂದನು. ಮಾರಿಷಸ್ಸಿನಲ್ಲಿ ದೊಡ್ಡ ಫ್ರೆಂಚ್ ಸೇನೆ ಸಿದ್ಧವಾಗಿದೆಯೆಂದು ಅವನು ಟಿಪ್ಪುವನ್ನು ನಂಬಿಸಿದನು. ಅಲ್ಲಿ ಅಂಥ ಸೇನೆ ಇರಲಿಲ್ಲ. ಸುಲ್ತಾನನ ಇಬ್ಬರು ರಾಯಭಾರಿಗಳು 1798ರ ಜನವರಿಯಲ್ಲಿ ಪೋರ್ಟ್ ಲೂಯಿ ಬಂದರನ್ನು ತಲುಪಿದರು. ತಮ್ಮ ಕಾರ್ಯ ಗುಟ್ಟಾಗಿರಬೇಕೆಂಬುದು ಅವರ ಕೋರಿಕೆಯಾಗಿತ್ತು. ಗವರ್ನರ್ ಮಲಾರ್ತಿಕನಾದರೋ ಜನವರಿ 30ರಂದು ಬಹಿರಂಗ ಘೋಷಣೆಯನ್ನೇ ಹೊರಡಿಸಿ, ಟಿಪ್ಪುವಿನ ಸೇವೆಗೆ ಸ್ವಯಂಸೇವಕರನ್ನು ಕರೆದನು. ಗುಟ್ಟಿನ ಸಂಧಾನವೊಂದನ್ನು ಹೀಗೆ ಡಂಗುರ ಸಾರಿಸಿದ ನಿದರ್ಶನ ರಾಜತಾಂತ್ರಿಕ ಚರಿತ್ರೆಯಲ್ಲಿ ಅಪರೂಪವೆಂದೇ ಹೇಳಬೇಕು. ಕೂಡಿದವರು ನೂರರ ಆಸುಪಾಸಿನ ಜನ ಮಾತ್ರ.

ಅವರನ್ನೂ ರಾಯಭಾರಿಗಳನ್ನೂ ಹೊತ್ತು ಮಾರ್ಚಿಯಲ್ಲಿ ಹೊರಟದ್ದು ‘ಪ್ರೆನ್ಯೂಸ್’. ಅದರ ಕಪ್ತಾನ ಲರ್ಮಿತ್. ದಾರಿಯಲ್ಲಿ ತಲಶ್ಶೇರಿಯ ಎದುರು ಕಂಪನಿಯ ‘ವುಡ್‌ಕಾಟ್’ ಮತ್ತು ‘ರೇಮಂಡ್’ ಹಡಗುಗಳನ್ನು ಸೆರೆಹಿಡಿದು, ಏಪ್ರಿಲ್ 26ರಂದು ಅದು ಮಂಗಳೂರನ್ನು ಸೇರಿತು. ಘೋಷಣೆಯ ಪ್ರತಿ ಜೂನ್ ತಿಂಗಳಲ್ಲಿ ಕಲ್ಕತ್ತೆಗೆ ತಲುಪಿದಾಗ ವೆಲ್ಲೆಸ್ಲಿಗೆ ಬೇಕಾದ ಕಾರಣ ಕೈಗೆ ಸಿಕ್ಕಿತು. ಆ ನೂರು ಜನರಿಂದ ಕಂಪನಿಗೆ ಅಪಾಯವೊದಗಿತ್ತೆಂದು ಹೇಳುವುದು ಕಷ್ಟ. ಮೈಸೂರನ್ನು ಮುರಿಯುವ ಬಯಕೆ ಮೊದಲೇ ಇದ್ದಿತು. ಹಡಗು ತಂದುಕೊಟ್ಟದ್ದು ನೆಪವನ್ನು. 1799ರ ಮೇ 4ರಂದು ಟಿಪ್ಪು ಮಡಿದನು. ಜೂನ್ 30ರಂದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಗಿ ರಾಜಧಾನಿ ಮೈಸೂರಿಗೆ ಮರಳಿತು.

ಹಡಗು ಇನ್ನೂ ಕಡಲಿನಲ್ಲಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದು ಆಫ್ರಿಕದ ಅಲ್ಗೋವ ಕೊಲ್ಲಿಯಲ್ಲಿ ಎರಡು ಬ್ರಿಟಿಷ್ ಹಡಗುಗಳೊಡನೆಯೂ, ಅಕ್ಟೋಬರಿನಲ್ಲಿ ತನಗಿಂತ ದೊಡ್ಡದಾದ ‘ಜ್ಯೂಪಿಟರ್’ ಹಡಗಿನೊಡನೆಯೂ ಕಾದಿತು. ‘ಜ್ಯೂಪಿಟರ್’ ಹಿಮ್ಮೆಟ್ಟಬೇಕಾಯಿತು. ಡಿಸೆಂಬರ್ 11ರಂದು ದಣಿದ ‘ಪ್ರೆನ್ಯೂಸ್’ ಮಾರಿಷಸ್ಸನ್ನು ಸಮೀಪಿಸಿದಾಗ ‘ಟ್ರೆಮೆಂಡಸ್’ ಮತ್ತು ‘ಅಡಮೆಂಟ್’ ಎಂಬ ಬ್ರಿಟಿಷ್ ಹಡಗುಗಳು ಬಂದರಿನ ಮುಂದೆ ಕಾದು ನಿಂತಿದ್ದವು.

ಆ ದ್ವೀಪದ ತೀರದ ಬಹುಭಾಗವನ್ನು ಹವಳದ ದಿಬ್ಬ ಒಡ್ಯಾಣದಂತೆ ಸುತ್ತಿದೆ. ನದಿಯ ಸಿಹಿನೀರಿನಲ್ಲಿ ಹವಳ ಬೆಳೆಯದು. ಆದ್ದರಿಂದ ನದೀಮುಖಗಳ ಎದುರಿಗೆ ದಿಬ್ಬ ಕಡಿದು ಕಂಡಿಯಾಗುವುದುಂಟು. ದಾರಿ ಬಲ್ಲ ನಾವಿಕನಿಗೆ ಅದು ಬಾಗಿಲು. ಗಾಳಿ ಕೈಕೊಟ್ಟರೆ ಅದರ ಇಕ್ಕೆಲವೂ ಗರಗಸ. ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳಲು ತೀರದ ತೋಪುಗಳ ಆಸರೆಗಾಗಿ ನುಗ್ಗಿದ ‘ಪ್ರೆನ್ಯೂಸ್’ ಪೋರ್ಟ್ ಲೂಯಿಗೆ ಕೆಲವೇ ಮೈಲಿ ಉತ್ತರದಲ್ಲಿ, ಟೊಂಬೋ ಕೊಲ್ಲಿಯ ಬಳಿ ನೆಲಕಚ್ಚಿತು. ಫ್ರೆಂಚ್ ಭಾಷೆಯಲ್ಲಿ ‘ಟೊಂಬೋ’ ಎಂದರೆ ಗೋರಿ. ಹೆಸರು ಈ ಘಟನೆಗಿಂತ ಹಳೆಯದು. ಆದರೆ ಸ್ಥಳನಾಮಗಳನ್ನು ಅಭ್ಯಸಿಸುವವರು ಇಲ್ಲಿ ಒಂದು ಗಳಿಗೆ ನಿಲ್ಲದಿರಲಾರರು.

ಅಲುಗಾಡದ ಹಡಗಿನ ಮೇಲೆ ಗುಂಡುಗಳು ಬಿದ್ದವು. ನಾವಿಕರಲ್ಲಿ ಹೆಚ್ಚಿನವರು ದಡ ಸೇರಿದರು. ಲರ್ಮಿತ್ ಕೆಲವರೊಡನೆ ಹಡಗಿನಲ್ಲಿಯೇ ಉಳಿದನು. ರಾತ್ರಿ ‘ಅಡಮೆಂಟ್’ನ ದೋಣಿಗಳು ತೀರದ ತೋಪುಗಳ ನಡುವೆಯೇ ಬಂದು ಹಡಗನ್ನು ಏರಿದವು. ಕಪ್ತಾನನನ್ನೂ ಉಳಿದವರನ್ನೂ ಸೆರೆಹಿಡಿದ ಮೇಲೆ ಅದಕ್ಕೆ ಬೆಂಕಿ ಹಚ್ಚಲಾಯಿತು. ಶ್ರೀರಂಗಪಟ್ಟಣ ಬಿದ್ದು ಆಗ ಏಳು ತಿಂಗಳು ಏಳು ದಿನಗಳಾಗಿದ್ದವು.