ಹಬ್ಬದ ಓಲೆಯ ಪೂರ್ವವೃತ್ತಾಂತ

ಹೊಲಿಗೆಯಲ್ಲಿ ಉಳಿದ ಬಟ್ಟೆಯ ಚೂರು, ಹಳೆಯ ಲಗ್ನಪತ್ರಿಕೆಯ ಬಣ್ಣದ ಅಂಚು, ಬಿಚ್ಚಿಹೋದ ಜರಿಯ ಎಳೆ, ಹರಿದ ಸರದ ನಾಲ್ಕು ಮಣಿ, ಇವನ್ನು ದಪ್ಪ ಕಾಗದದ ಮೇಲೆ ಅಂಟಿಸಿ ಹಬ್ಬಹುಣ್ಣಿಮೆಗಳಿಗೆ ಶುಭಾಶಯಪತ್ರಗಳನ್ನು ಮಾಡುವ ರೂಢಿಯು ನಮ್ಮ ಚಿಂಚೋಳಿ ಸೇಡಂ ಕಡೆಯ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಅಲ್ಲಲ್ಲಿ ಕಾಣಬರುತ್ತಲಿದೆ. ಇದನ್ನು ಕಂಡ ಕೆಲವರು ‘ಪರದೇಶದ ಹವ್ಯಾಸ, ಮಕ್ಕಳ ಕಾಲಹರಣ’ ಎಂದು ನಕ್ಕು ಸುಮ್ಮನಾಗುವರು. ಅಚ್ಚಾದ ಶುಭಾಶಯಪತ್ರವು ಪರದೇಶದಿಂದ ಬಂದುದೆಂಬುದು ನಿಜ. ಆದರೆ ಉಳಿಕೆಯ ಪದಾರ್ಥಗಳಿಂದ ಓಲೆಯನ್ನು ಮಾಡಿ ಸಿಂಗರಿಸುವ ಕೆಲಸವು ಅದಕ್ಕಿಂತ ಬಹು ಹಳೆಯದು, ನಮ್ಮ ಮನೆಯೊಳಗಿನದು. ಅಚ್ಚಿನ ಪತ್ರವು ನಡುವೆ ಬಂದು ನಡುವೆಯೇ ಎದ್ದುಹೋದ ಅತಿಥಿಯೆಂಬುದು ಈ ಲೇಖಕನ ಅಭಿಪ್ರಾಯ. ಅದಕ್ಕೆ ಆಧಾರಗಳನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಶಬ್ದಗಳನ್ನೇ ವಿಚಾರಿಸೋಣ. ‘ಪತ್ರ’ವೆಂದರೆ ಎಲೆ. ಕಾಳಿದಾಸನ ಶಕುಂತಲೆಯು ಕಮಲದ ಎಲೆಯ ಮೇಲೆ ಉಗುರಿನಿಂದ ತನ್ನ ಮನೋಗತವನ್ನು ಬರೆಯಲು ತೊಡಗುವಳು. ಅವನ ಇನ್ನೊಂದು ನಾಟಕದ ಊರ್ವಶಿಯು ಭೂರ್ಜಪತ್ರದ ಮೇಲೆ ಬರೆದು ಪುರೂರವನೆಡೆಗೆ ಕಳಿಸಲು, ಅದು ಗಾಳಿಗೆ ಹಾರಿ ಕಡೆಗೆ ರಾಣಿಯ ಕೈಸೇರುವುದು. ಅಂಚೆಯ ತಪ್ಪುವಿಲೇವಾರಿಯು ಅಷ್ಟು ಪ್ರಾಚೀನವಾದುದು! ಕನ್ನಡದ ‘ಓಲೆ’ಯಾದರೋ ತಾಳೆಯ ಗರಿ. ನಮ್ಮ ನೆರೆಯ ಮಳಖೇಡದಲ್ಲಿ, ಅಂದರೆ ಕಾಗಿಣಾತೀರದ ಮಾನ್ಯಖೇಟದಲ್ಲಿ, ನೃಪತುಂಗನ ಆಸ್ಥಾನದೊಳಗೆ ೯ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ತಲೆಮಾರಿನಿಂದ ತಲೆಮಾರಿಗೆ ನಮಗೆ ದಕ್ಕಿದ್ದು ಇಂಥ ಗರಿಗಳ ಮೇಲೆಯೇ. ಅದೇ ಗರಿಯ ತುಂಡನ್ನು ಸುರುಳಿ ಸುತ್ತಿ ಹೆಂಗಸರು ಕಿವಿಗೆ ಇಟ್ಟುಕೊಳ್ಳುತ್ತಿದ್ದರು. ಆದಕಾರಣವೇ ಕಿವಿಯ ಆಭರಣಕ್ಕೂ ಓಲೆಯೆಂಬ ಹೆಸರು ನಿಂತಿತು. ಸುದ್ದಿಯನ್ನು ಹೊರುವ ವಸ್ತುವೂ ಸಿಂಗಾರದ ವಸ್ತುವೂ ಒಂದೇ ಗರಿಯಿಂದ ಹುಟ್ಟಿ ಒಂದೇ ಹೆಸರನ್ನು ಪಡೆದ ಭಾಷೆ ನಮ್ಮದು.

ಇನ್ನು ಚಿಂದಿಯ ವಿಷಯ. ಕನ್ನಡ ನಾಡಿನಲ್ಲಿ ಕಾಗದವು ಅಗ್ಗವಾಗುವುದಕ್ಕೆ ಮುನ್ನ ಲೆಕ್ಕಪತ್ರಗಳಿಗೆ ಕಡತವೇ ಗತಿಯಾಗಿದ್ದಿತು. ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಸರಿಯಲ್ಲಿ ಇದ್ದಿಲಿನ ಪುಡಿಯನ್ನು ಕಲಸಿ ಬಳಿಯುವರು. ಅದು ಒಣಗಿ ಹಲಗೆಯಂತೆ ಗಟ್ಟಿಯಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಿಸಿ, ಬಿಳಿಯ ಬಳಪದಿಂದ ಬರೆಯುವರು. ಬೇಡವಾದುದನ್ನು ಅಳಿಸಿ ಮತ್ತೆ ಬರೆಯುವರು. ಶೃಂಗೇರಿ ಮಠದ ಕಡತಗಳು ಇತಿಹಾಸಸಂಶೋಧಕರಿಗೆ ಸುಪರಿಚಿತವಾದವು. ಕಚೇರಿಯ ಕಾಗದಗಳ ಕಟ್ಟಿಗೆ ಇಂದಿಗೂ ನಾವು ಕಡತವೆನ್ನುವೆವು. ಅದರ ಹೊಟ್ಟೆಯೊಳಗೆ ಬಟ್ಟೆ ಇದ್ದಿತೆಂಬುದು ಮಾತ್ರ ಮರೆತಿದೆ.

ಕಾಗದವಾದರೂ ಏನು? ಚೀನ ದೇಶದ ಕಾಯ್ ಲುನ್ ಎಂಬ ಅಧಿಕಾರಿಯು ಕ್ರಿ. ಶ. ೧೦೫ರಲ್ಲಿ ತನ್ನ ಚಕ್ರವರ್ತಿಗೆ ಅರ್ಪಿಸಿದ ಕಾಗದದಲ್ಲಿ ಮರದ ತೊಗಟೆ, ಸೆಣಬು, ಹಳೆಯ ಚಿಂದಿ ಮತ್ತು ಮೀನಿನ ಬಲೆಗಳ ಚೂರುಗಳಿದ್ದವೆಂದು ಆ ದೇಶದ ಇತಿಹಾಸವು ಹೇಳುವುದು. ನಮ್ಮ ದಖನಿನಲ್ಲಿ ದೌಲತಾಬಾದಿನ ಬಳಿಯ ಕಾಗಜಿಪುರವು ಈ ಕಸುಬಿಗೆ ಹೆಸರಾದುದು. ಮಹಮ್ಮದ ತುಘಲಕನು ೧೩೨೭ರ ಸುಮಾರಿಗೆ ರಾಜಧಾನಿಯನ್ನು ಅಲ್ಲಿಗೆ ಸಾಗಿಸಿದಾಗ ಈ ಕುಶಲಿಗಳು ಜೊತೆಗೆ ಬಂದರೆಂದು ಪ್ರತೀತಿ. ಚಿಂದಿಯನ್ನೂ ಹಳೆಯ ಕಾಗದವನ್ನೂ ಸುಣ್ಣದ ನೀರಿನಲ್ಲಿ ಕೊಳೆಯಿಸಿ, ಕುಟ್ಟಿ, ತೊಟ್ಟಿಯ ನೀರಿನಲ್ಲಿ ಕಲಕಿ, ಜಾಲರಿಯಿಂದ ಹಾಳೆಯನ್ನೆತ್ತಿ, ಗೋಡೆಗೆ ಹಚ್ಚಿ ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪೇರಿಸುವುದು ಅವರ ಕ್ರಮವು. ಮಕ್ಕಳು ಚಿಂದಿಯನ್ನು ಕಾಗದಕ್ಕೆ ಅಂಟಿಸಿದರೆ ನಗುವವರು, ಅವರ ಕೈಯಲ್ಲಿರುವ ಕಾಗದವೇ ಒಂದಾನೊಂದು ಕಾಲಕ್ಕೆ ಯಾರದೋ ಹರಕು ಧೋತರವಾಗಿತ್ತೆಂಬುದನ್ನು ನೆನೆಯಬೇಕು.

ಬಹಮನಿ ರಾಜ್ಯವು ೧೩೪೭ರಲ್ಲಿ ಕಲಬುರ್ಗಿಯಲ್ಲಿ ನೆಲೆಗೊಂಡ ತರುವಾಯ ದಖನಿನ ದರಬಾರುಗಳಲ್ಲಿ ಪಾರಸೀ ಲೇಖನಕಲೆಯು ಬೆಳೆಯಿತು. ‘ಕಾಗದ’ವೆಂಬ ಮಾತೂ ಅದೇ ದಾರಿಯದು. ತೆಳ್ಳನೆಯ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಗಟ್ಟಿಮಾಡಿದ ‘ವಸ್ಲಿ’ಯ ಮೇಲೆ ಚಿತ್ರವನ್ನು ಬರೆಯುತ್ತಿದ್ದರು. ಎರಡನೆಯ ಇಬ್ರಾಹಿಂ ಆದಿಲಶಾಹನ (೧೫೮೦–೧೬೨೭) ಕಾಲದ ಹಾಗೂ ತದನಂತರದ ವಿಜಾಪುರದಲ್ಲಿ ‘ಅಬ್ರಿ’ಯೆಂಬ ಕೆಲಸವು ಪ್ರಸಿದ್ಧಿಗೆ ಬಂದಿತು. ಅಬ್ರವೆಂದರೆ ಮೋಡ. ಅಂಟುನೀರಿನ ಮೇಲೆ ಬಣ್ಣಗಳನ್ನು ತೇಲಿಬಿಟ್ಟು, ಕಡ್ಡಿಯಿಂದ ಕದಡಿ, ಹಾಳೆಯನ್ನು ಮೆಲ್ಲನೆ ತಾಗಿಸಿ ಎತ್ತಿದರೆ ಮೋಡದಂಥ ಚಿತ್ತಾರವು ಮೂಡುವುದು. ಬಡಕಲು ಕುದುರೆಯನ್ನೇರಿದ ಸವಾರನ ಅಬ್ರಿಚಿತ್ರವೊಂದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅರಸರ ಪತ್ರಗಳಿಗೆ ಬಂಗಾರದ ಪುಡಿಯನ್ನುದುರಿಸಿದ ಕಾಗದ. ಅದನ್ನಿಡಲು ಕಿನಕಾಪಿನ ಚೀಲ. ಈ ಚೀಲಕ್ಕೆ ಖರೀತೆಯೆಂದು ಹೆಸರು. ಇವೆಲ್ಲ ದೊರೆಗಳ ವೈಭವವೆಂಬುದು ದಿಟವೇ. ಆದರೂ ಪತ್ರದ ಒಕ್ಕಣೆಗಿಂತ ಮೊದಲು ಪತ್ರದ ರೂಪವೇ ಗೌರವವನ್ನು ಸೂಚಿಸಬೇಕೆಂಬ ತತ್ತ್ವವನ್ನು ಅರಮನೆಯವರೂ ನಾಲ್ಕು ಮೂಲೆಗೆ ಅರಿಸಿನಕುಂಕುಮ ಹಚ್ಚಿ ಲಗ್ನಪತ್ರಿಕೆಯನ್ನು ಕಳಿಸುವ ಬಡ ಗೃಹಸ್ಥನೂ ಸಮಾನವಾಗಿ ಬಲ್ಲವರಾಗಿದ್ದರು.

ಅಚ್ಚಿನ ಶುಭಾಶಯಪತ್ರದ ಚರಿತ್ರೆಯನ್ನು ಎರಡೇ ಮಾತಿನಲ್ಲಿ ಮುಗಿಸಬಹುದು. ೧೮೪೩ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬವನು ತನ್ನ ಮಿತ್ರರಿಗೆಲ್ಲ ಕ್ರಿಸ್ಮಸ್ ಹಬ್ಬದ ಕಾಗದಗಳನ್ನು ಬರೆಯಲು ಪುರಸತ್ತಿಲ್ಲದ್ದರಿಂದ ಹಾರ್ಸ್ಲಿ ಎಂಬ ಚಿತ್ರಗಾರನಿಂದ ಚಿತ್ರ ಬರೆಯಿಸಿ ಕಲ್ಲಚ್ಚಿನಲ್ಲಿ ತೆಗೆಯಿಸಿದನು. ಅಂದರೆ ಅಚ್ಚಿನ ಪತ್ರವು ಹುಟ್ಟಿದ್ದೇ ಪುರಸತ್ತಿನ ಅಭಾವದಿಂದ. ಅದರಲ್ಲಿಯೂ ಬಣ್ಣವನ್ನು ಮಾತ್ರ ಕೈಯಿಂದಲೇ ತುಂಬಬೇಕಾಯಿತು.

ನಮ್ಮ ಸೀಮೆಗೆ ಅಂಚೆಯು ಬಂದ ಬಗೆಯು ಇದಕ್ಕಿಂತ ಸ್ವಾರಸ್ಯವುಳ್ಳದ್ದು. ಚಿಂಚೋಳಿ, ಸೇಡಂ, ಚಿತ್ತಾಪುರಗಳು ಆಗ ನಿಜಾಮರ ಸಂಸ್ಥಾನದಲ್ಲಿದ್ದವು. ಸಂಸ್ಥಾನವು ೧೮೬೯ರಿಂದ ತನ್ನದೇ ಟಿಕೀಟುಗಳನ್ನು ಹೊರಡಿಸಿತು. ೧೮೭೧ರಲ್ಲಿ ಮುಂಬಯಿಯ ರೈಲುಮಾರ್ಗವು ರಾಯಚೂರನ್ನು ಮುಟ್ಟಿತು. ೧೮೭೪ರಲ್ಲಿ ಸಿಕಂದರಾಬಾದಿನ ಮಾರ್ಗವು ವಾಡಿಯಲ್ಲಿ ಅದಕ್ಕೆ ಬಂದು ಕೂಡಿತು. ಬ್ರಿಟಿಷ್ ಹಿಂದುಸ್ತಾನದ ಕಾಲಾಣೆಯ ಕಾರ್ಡು ೧೮೭೯ರ ಜುಲೈ ೧ರಿಂದ ಚಲಾವಣೆಗೆ ಬಂದಿತು. ಆದರೆ ನಿಜಾಮರ ಟಿಕೀಟು ಸಂಸ್ಥಾನದ ಗಡಿಯೊಳಗೆ ಮಾತ್ರ ನಡೆಯತಕ್ಕದ್ದು. ಕಲಬುರ್ಗಿಗೆ ಕೊಟ್ಟ ಮಗಳಿಗೊಂದು ಟಿಕೀಟು, ಸೊಲ್ಲಾಪುರಕ್ಕೆ ಕೊಟ್ಟ ಮಗಳಿಗೆ ಬೇರೊಂದು! ೧೯೪೮ರ ಸೆಪ್ಟೆಂಬರದಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. ೧೯೫೦ರ ಏಪ್ರಿಲ್ ೧ರಂದು ಅದರ ಅಂಚೆಯೂ ಭಾರತದ ಅಂಚೆಯಲ್ಲಿ ಲೀನವಾಯಿತು.

ಇದೇ ಕಾಲದಲ್ಲಿ ಹೆಣ್ಣುಮಕ್ಕಳ ಕೈಗೆ ಹೊಸತೊಂದು ಸಾಮಗ್ರಿಯು ದೊರೆಯಿತು. ರಾಜಾ ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಲಕ್ಷ್ಮೀ ಸರಸ್ವತಿಯರ ಬಣ್ಣದ ಪಟಗಳು ಮನೆಮನೆಗೆ ಹರಡಿದವು. ಆ ಪಟಗಳನ್ನು ಇದ್ದಂತೆಯೇ ಚೌಕಟ್ಟಿಗೆ ಹಾಕಲು ಅನೇಕರಿಗೆ ಮನಸ್ಸೊಪ್ಪಲಿಲ್ಲ. ದೇವಿಯ ಸೀರೆಯಿರುವ ಎಡೆಗೆ ನಿಜವಾದ ರೇಶ್ಮೆಯ ಚೂರನ್ನು ಕತ್ತರಿಸಿ ಅಂಟಿಸಿದರು. ಅಂಚಿಗೆ ಜರಿ, ಕೊರಳಿಗೆ ಮಣಿ, ಕಿರೀಟಕ್ಕೆ ಟಿಕಳಿಗಳನ್ನು ಹೊಲಿದರು. ಇಂಥ ಸೀರೆಯುಡಿಸಿದ ಪಟಗಳು ಈಗ ಸಂಗ್ರಾಹಕರಿಗೆ ಬೆಲೆಯುಳ್ಳ ವಸ್ತುಗಳಾಗಿವೆ. ಅಚ್ಚಿನ ಯಂತ್ರವು ಸಾವಿರ ಪಟಗಳನ್ನು ಒಂದೇ ಬಗೆಯಾಗಿ ತೆಗೆದರೆ, ಉಳಿಕೆಯ ಚೂರು ಆ ಸಾವಿರದೊಳಗಿನ ಒಂದನ್ನು ‘ನಮ್ಮ ಮನೆಯ ಲಕ್ಷ್ಮಿ’ಯನ್ನಾಗಿ ಮಾಡಿತು. ಶುಭಾಶಯಪತ್ರಕ್ಕೆ ಚೂರನ್ನು ಅಂಟಿಸುವ ಕೈಯು ಇದೇ ಕೈ.

ಈಗ ನಮ್ಮ ಭಾಗದ ಹಬ್ಬದ ಓಲೆಯ ವಿಷಯಕ್ಕೆ ಬರೋಣ. ವಿಜಯದಶಮಿಯ ದಿನ ಬನ್ನಿಯನ್ನು ಕೊಟ್ಟು ಬಂಗಾರದಂತೆ ಇರೋಣವೆಂದು ಕೈಮುಗಿಯುವುದೂ, ಸಂಕ್ರಾಂತಿಯಲ್ಲಿ ಕುಸುರೆಳ್ಳನ್ನು ಕೊಟ್ಟು ಒಳ್ಳೆಯ ಮಾತನ್ನು ಬೇಡುವುದೂ ಉತ್ತರ ಕರ್ನಾಟಕದ ಸಂಪ್ರದಾಯವಷ್ಟೆ. ಎದುರಿಗಿದ್ದವರಿಗೆ ಕೈಯಲ್ಲಿ ಕೊಡಬಹುದು, ದೂರದವರಿಗೆ? ಅವರಿಗೆ ಲಕೋಟೆಯಲ್ಲಿ ನಾಲ್ಕು ಬನ್ನಿಯ ಎಲೆ ಅಥವಾ ಒಂದು ಚಿಟಿಕೆ ಕುಸುರೆಳ್ಳನ್ನಿಟ್ಟು ಕಳಿಸುವ ರೂಢಿ ಬಿದ್ದಿತು. ಪತ್ರದೊಳಗೊಂದು ಪತ್ರ! ಪಾಠಶಾಲೆಯಲ್ಲಿ ಶ್ಲೇಷಾಲಂಕಾರವನ್ನು ಓದಿದವನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸಿಕ್ಕಲಾರದು.

ಸುಮಾರು ಐವತ್ತು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಈ ಓಲೆಯು ಸಿದ್ಧವಾಗುತ್ತಿದ್ದ ಬಗೆಯು ನೆನಪಿನಲ್ಲಿದೆ. ಪುಷ್ಯಮಾಸದ ಚಳಿಯಲ್ಲಿ ನಮ್ಮ ತಾಯಿಯವರು ಹಿತ್ತಾಳೆಯ ತಟ್ಟೆಯನ್ನು ಕೆಂಡದ ಮೇಲಿಟ್ಟು, ಎಳ್ಳಿಗೆ ಸಕ್ಕರೆಯ ಪಾಕವನ್ನು ಚಮಚೆ ಚಮಚೆಯಾಗಿ ಬಿಡುತ್ತ ಬೆರಳುಗಳಿಂದ ತಿರುವುತ್ತ ಕೂಡುವರು. ಉರಿ ಹೆಚ್ಚಾದರೆ ಪಾಕ ಕೆಂಪಗಾಗುವುದು. ಕೈ ನಿಂತರೆ ಎಳ್ಳು ಮುದ್ದೆಗಟ್ಟುವುದು. ತಾಸುಗಟ್ಟಲೆ ತಿರುವಿದ ಮೇಲೆ ಒಂದೊಂದು ಎಳ್ಳಿಗೂ ಬಿಳಿಯ ಮುಳ್ಳುಗಳೇಳುವುವು. ಸೊಲ್ಲಾಪುರಕ್ಕೆ ಕೊಟ್ಟ ನಮ್ಮ ಅಕ್ಕನವರಿಗೆ ಅದನ್ನು ಕಳಿಸಬೇಕು. ಹಳೆಯ ನೋಟುಪುಸ್ತಕದ ರಟ್ಟನ್ನು ಅಂಗೈಯಗಲ ಕತ್ತರಿಸಿ, ಸಿಂಪಿಗರ ಅಂಗಡಿಯಿಂದ ತಂದ ಖಣದ ಚೂರನ್ನು ಅದರ ಸುತ್ತ ಅಂಟಿಸಿ, ನಡುವೆ ಹರಿದ ಇಳಕಲ್ಲ ಸೀರೆಯ ಕೆಂಪು ಸೆರಗಿನ ತುಂಡಿನಿಂದ ಸಣ್ಣ ಜೇಬನ್ನು ಮಾಡಿ, ಅದರೊಳಗೆ ಕುಸುರೆಳ್ಳನ್ನಿಟ್ಟು ಬಾಯಿ ಹೊಲಿಯುವರು. ಒಂದು ವರ್ಷ ನಾನು ಹೊಸ ರೇಶ್ಮೆಯ ತುಂಡನ್ನು ತಂದುಕೊಟ್ಟೆನು. ಅವರು ಅದನ್ನು ಬದಿಗಿಟ್ಟು, “ಹೊಸಾದು ಅಲ್ಲೂ ಸಿಗ್ತದಪ್ಪಾ, ನನ್ನ ಸೀರಿ ಅಲ್ಲಿ ಎಲ್ಲಿ ಸಿಗ್ತದ?” ಎಂದರು. ಆ ಮಾತಿನಲ್ಲಿ ಈ ವಿಷಯದ ಸಾರವೆಲ್ಲ ಅಡಗಿದೆಯೆಂದು ನನಗೆ ತೋರುವುದು. ಉಳಿಕೆಯ ಚೂರು ಬಡತನದ ಗುರುತಲ್ಲ, ಅದು ತವರಿನ ಮುದ್ರೆ. ಕೆಳಗೆ ಎರಡು ಸಾಲು ಬರಹವಿರುತ್ತಿದ್ದಿತು. ಶಾಲೆಯನ್ನು ಹೆಚ್ಚು ಕಾಣದ ಅವರು ಅಕ್ಷರಗಳನ್ನು ರಂಗವಲ್ಲಿಯಂತೆ ಒಂದೊಂದಾಗಿ ತಿದ್ದುವರು. ಸಂಸ್ಥಾನದ ದಿನಗಳಲ್ಲಿ ಕಚೇರಿಯ ಭಾಷೆ ಉರ್ದುವಾಗಿದ್ದಾಗ ಬೆಳೆದ ಹೆಣ್ಣುಮಗಳಿಗೆ ಕನ್ನಡವನ್ನು ಬರೆಯುವ ಸಂದರ್ಭವು ವರ್ಷಕ್ಕೆ ಎಷ್ಟು ಸಲ ಬಂದೀತು? ಹಬ್ಬದ ಓಲೆಯು ಅಂಥವರಿಗೆ ಓಲೆಯೂ ಹೌದು, ಹಲಗೆಬಳಪವೂ ಹೌದು.

ಅನಂತರ ಪೇಟೆಯಲ್ಲಿ ಅಚ್ಚಿನ ಸಂಕ್ರಾಂತಿ ಕಾರ್ಡುಗಳೂ ಹೊಸವರ್ಷದ ಕಾರ್ಡುಗಳೂ ದಂಡಿಯಾಗಿ ಬಂದವು. ಅವುಗಳ ಒಕ್ಕಣೆಯೂ ಅಚ್ಚಿನದೇ ಆದುದರಿಂದ ಕಳಿಸುವವನ ಪಾಲಿಗೆ ಸಹಿಯೊಂದೇ ಉಳಿಯಿತು. ಈಗ ಮೊಬೈಲಿನಲ್ಲಿ ಆ ಸಹಿಯೂ ಇಲ್ಲ. ಒಬ್ಬರು ಕಳಿಸಿದ ಹೂವಿನ ಚಿತ್ರವು ಹತ್ತು ಮನೆಗಳನ್ನು ಸುತ್ತಿ ಕಳಿಸಿದವರಿಗೇ ಮರಳಿ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಅದನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಸುದ್ದಿ ಬೇಗ ಮುಟ್ಟುವುದು ಒಳಿತೇ. ಆದರೆ ಪೆಟ್ಟಿಗೆಯ ತಳದಲ್ಲಿಟ್ಟು ಮೂವತ್ತು ವರ್ಷಗಳ ಮೇಲೆ ತೆಗೆದು ಮೂಸಿ ನೋಡುವಂಥದು ಅದರಲ್ಲಿ ಯಾವುದಿದೆ?

ಇಲ್ಲಿ ಪರದೇಶದ ಉದಾಹರಣೆಯೊಂದನ್ನು ಹೇಳುವೆನು. ಎರಡನೆಯ ಮಹಾಯುದ್ಧದಿಂದ ಹಾಳಾಗಿದ್ದ ಚೆಕೊಸ್ಲೊವಾಕಿಯದ ಒಂದು ಹಳ್ಳಿಗೆ ಸಂಯುಕ್ತ ರಾಷ್ಟ್ರಗಳ ಮಕ್ಕಳ ನಿಧಿಯು ನೆರವನ್ನು ಕಳಿಸಿತು. ಜಿಟ್ಕಾ ಎಂಬ ಏಳು ವರ್ಷದ ಹುಡುಗಿಯು ಕೃತಜ್ಞತೆಗಾಗಿ ಚಿತ್ರವನ್ನು ಬರೆಯಹೋಗಲು ಶಾಲೆಯಲ್ಲಿ ಕಾಗದವಿರಲಿಲ್ಲ. ಗಾಜಿನ ತುಂಡಿನ ಮೇಲೆ ಬರೆದಳು. ಆ ಚಿತ್ರವೇ ೧೯೪೯ರಲ್ಲಿ ಆ ನಿಧಿಯ ಮೊದಲನೆಯ ಶುಭಾಶಯಪತ್ರವಾಯಿತು.

ನಮ್ಮ ಮಕ್ಕಳು ಮಾಡುವ ಪತ್ರಗಳನ್ನು ನೋಡಿ ಎರಡು ಸೂಚನೆಗಳನ್ನು ಮಾತ್ರ ಕೊಡಬೇಕೆನಿಸುವುದು. ಅಂಗಡಿಯ ಪ್ಲಾಸ್ಟಿಕ್ ಮಿಂಚುಪುಡಿಗಿಂತ ಮನೆಯಲ್ಲಿಯ ಕೌದಿಯನ್ನು ಹೊಲಿದು ಉಳಿದ ಚೂರು ಮೇಲು. ಅದಕ್ಕೊಂದು ಕಥೆಯಿರುವುದು, ಅಜ್ಜಿಯನ್ನು ಕೇಳಿದರೆ ಅದು ಯಾರ ಸೀರೆಯೆಂಬುದನ್ನು ಹೇಳುವಳು. ಒಕ್ಕಣೆಯನ್ನು ಕನ್ನಡದಲ್ಲಿ, ಸ್ವಂತ ಕೈಯಿಂದ, ಮಸಿಯಲ್ಲಿ ಬರೆಯತಕ್ಕದ್ದು, ತಪ್ಪಕ್ಷರವಿದ್ದರೂ ಚಿಂತೆಯಿಲ್ಲ. ಅಂಟಿಗೆ ಮೈದಾಹಿಟ್ಟನ್ನು ಕುದಿಸಿದರೆ ಸಾಕು. ಪುಸ್ತಕಕ್ಕೆ ರಟ್ಟು ಕಟ್ಟುವವರು ಹುಳು ಹಿಡಿಯದಂತೆ ಅದಕ್ಕೆ ಚಿಟಿಕೆ ಮೈಲುತುತ್ತವನ್ನು ಕೂಡಿಸುವರು. ಅದು ವಿಷವಾದ್ದರಿಂದ ಮಕ್ಕಳ ಕೈಗೂ ಕುಸುರೆಳ್ಳಿನ ಓಲೆಗೂ ಸಲ್ಲದು. ಆ ಓಲೆಯನ್ನು ಅಂಚೆಗೆ ಹಾಕುವಾಗ ಎರಡೂ ಬದಿಗೆ ರಟ್ಟಿರಲಿ. ಇಲ್ಲವಾದರೆ ಠಸ್ಸೆಯ ಪೆಟ್ಟಿಗೆ ಮುಳ್ಳುಗಳೆಲ್ಲ ಉದುರಿ ಸಕ್ಕರೆಯ ಪುಡಿ ಮಾತ್ರ ಊರು ಸೇರುವುದು.